ಜರ್ಮನಿಯಲ್ಲಿರುವ ಗಂಡನ ಹತ್ತಿರ ಹೋದ ಮೇಲೆ ನರ್ಸ್ ಆಗಿ ಕೆಲಸ ಮಾಡಬಹುದಾ?

ಬಿಎಸ್‌ಸಿ ನರ್ಸಿಂಗ್ ಆಗಿದೆ, ಆರು ವರ್ಷ ವಾರ್ಡಿನಲ್ಲಿ ದುಡಿದಿದ್ದೀರಿ, ಗಂಡ ಜರ್ಮನಿಯಲ್ಲಿದ್ದಾರೆ. ಅಲ್ಲಿಗೆ ಹೋದರೆ ನರ್ಸ್ ಆಗಿಯೇ ಕೆಲಸ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ ವಿಮಾನ ಹತ್ತುವ ಮುಂಚೆ ಒಂದು ಕಾಗದ ನಿಮ್ಮ ಕೈಗೆ ಬಂದಿರಲಿ: ಯಾವ ವಿಷಯಕ್ಕೆ ಎಷ್ಟು ಗಂಟೆ ಕಲಿತಿದ್ದೀರಿ ಅಂತ ಕಾಲೇಜು ಬರೆದುಕೊಡುವ ಪಟ್ಟಿ. ನಾನು ಅದಿಲ್ಲದೆ ಹೋಗಿ ಹತ್ತಿರ ಹತ್ತಿರ ಒಂದು ವರ್ಷ ಕಳೆದುಕೊಂಡೆ.

ಗಂಡನ ಜೊತೆ ಇರಲು ಕೊಡುವ ಪರವಾನಗಿಯಲ್ಲೇ ಕೆಲಸ ಮಾಡುವ ಹಕ್ಕೂ ಇರುತ್ತದೆ. ನನ್ನ ಕಾರ್ಡಿನಲ್ಲೂ ಹಾಗೇ ಬರೆದಿತ್ತು. ಅದನ್ನು ನೋಡಿ ಇನ್ನೇನು ತೊಂದರೆ ಇಲ್ಲ ಅಂದುಕೊಂಡೆ. ಆದರೆ ಡಾಕ್ಟರ್, ಫಾರ್ಮಸಿಸ್ಟ್‌ಗಳ ಹಾಗೆ ನರ್ಸ್‌ಗೂ ಅಲ್ಲಿ ಸರ್ಕಾರದ ಮಾನ್ಯತೆ ಬೇಕೇ ಬೇಕು. ಇದಕ್ಕೆ ಆನರ್‌ಕೆನುಂಗ್ ಅನ್ನುತ್ತಾರೆ. ಅದು ಬರುವವರೆಗೆ ಸಹಾಯಕಿಯಾಗಿ ಮಾತ್ರ ದುಡಿಯಬಹುದು. ನೀವು ಇರಲಿರುವ ರಾಜ್ಯದ ಕಚೇರಿಗೇ ಅರ್ಜಿ ಹಾಕಬೇಕು. 2012ರಲ್ಲಿ ಬಂದ ಕಾನೂನಿನ ಪ್ರಕಾರ ಯಾವ ದೇಶದವರಾದರೂ ತಮ್ಮ ಓದನ್ನು ಪರಿಶೀಲಿಸಿ ಅಂತ ಕೇಳಬಹುದು. ಇಲ್ಲಿಂದಲೇ ಅರ್ಜಿ ಹಾಕಬಹುದು, ಅಲ್ಲಿಗೆ ಹೋಗುವವರೆಗೆ ಕಾಯಬೇಕಿಲ್ಲ.

ಈಗ ಆ ಪಟ್ಟಿಯ ವಿಷಯ. ನನ್ನ ಅಂಕಪಟ್ಟಿಯಲ್ಲಿ ಅಂಕಗಳು ಮಾತ್ರ ಇದ್ದವು. ಕಚೇರಿಯವರಿಗೆ ಬೇಕಿದ್ದದ್ದು ಬೇರೆ. ಮಕ್ಕಳ ವಾರ್ಡಿನಲ್ಲಿ ಎಷ್ಟು ಗಂಟೆ, ಹೆರಿಗೆ ವಾರ್ಡಿನಲ್ಲಿ ಎಷ್ಟು, ಮಾನಸಿಕ ರೋಗಿಗಳ ಜೊತೆ ಎಷ್ಟು, ತರಗತಿಯಲ್ಲಿ ಎಷ್ಟು. ನನ್ನ ತಮ್ಮ ಕಾಲೇಜಿಗೆ ಅಲೆದ. ಹಳೇ ರಿಜಿಸ್ಟರ್ ಸಿಗಲಿಲ್ಲ, ಸಹಿ ಮಾಡುವವರು ರಜೆ, ಬಂದ ಮೊದಲ ಪಟ್ಟಿಯಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡೂ ಕಲಸಿಹೋಗಿತ್ತು. ನಾನು ಅಲ್ಲಿ ಸುಮ್ನೆ ಮನೆಯಲ್ಲಿ ಕೂತಿದ್ದೆ. ವಾರ್ಡಿನಲ್ಲಿ ಓಡಾಡಿದ ಕೈಕಾಲಿಗೆ ಅದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಿಲ್ಲ, ಅಲ್ವಾ?

ಜೊತೆಗೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನಿಮ್ಮ ಮೇಲೆ ಯಾವ ಶಿಸ್ತುಕ್ರಮವೂ ಇಲ್ಲ ಅನ್ನುವ ಪತ್ರ), ಕೆಲಸದ ಅನುಭವ ಪತ್ರ ಬೇಕು. ಅನುವಾದ ಮಾಡಿಸುವ ಮುಂಚೆ ಯಾರ ಅನುವಾದ ಒಪ್ಪುತ್ತೀರಿ ಅಂತ ಆ ಕಚೇರಿಗೇ ಇಮೇಲ್ ಮಾಡಿ ಕೇಳಿ. ಇಲ್ಲದಿದ್ದರೆ ಎರಡೆರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಕಚೇರಿಯವರು ನಮ್ಮ ಓದನ್ನು ಅಲ್ಲಿನ ಓದಿನ ಜೊತೆ ಹೋಲಿಸಿ ನೋಡುತ್ತಾರೆ. ಪೂರ್ತಿ ಸಮ ಅಂತ ಉತ್ತರ ಬರುವುದು ಕಡಿಮೆ. ಯಾವುದರಲ್ಲಿ ಕೊರತೆ ಇದೆ ಅಂತ ಬರೆದು ಕಳಿಸುತ್ತಾರೆ. ಅದನ್ನು ನೋಡಿ ಎದೆಗುಂದಬೇಡಿ, ಅದು ತಿರಸ್ಕಾರ ಅಲ್ಲ. ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯಬಹುದು, ಇಲ್ಲವೇ ಪರೀಕ್ಷೆಗೆ ಹೋಗಬಹುದು. ಫೇಲಾದರೆ ಇನ್ನೊಂದೇ ಅವಕಾಶ. 2024ರಿಂದ ಹೋಲಿಕೆ ಬೇಡ ಅಂತ ಬರೆದುಕೊಟ್ಟು ನೇರವಾಗಿ ತರಬೇತಿಗೆ ಇಲ್ಲವೇ ಪರೀಕ್ಷೆಗೆ ಹೋಗುವ ದಾರಿಯೂ ಇದೆ. ಆದರೂ ನಿಮ್ಮ ಅನುಭವಕ್ಕೆ ಬೆಲೆ ಸಿಗಬೇಕಾದರೆ ಹೋಲಿಕೆ ಮಾಡಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ನಾನು ಪರೀಕ್ಷೆಗೆ ಹೋದೆ. ಒಬ್ಬರು ಅಜ್ಜಿಯನ್ನು ನನಗೆ ಒಪ್ಪಿಸಿದ್ದರು. ನಮ್ಮಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು ಜಾಸ್ತಿ ಮನೆಯವರ ಕೆಲಸ. ಅಲ್ಲಿ ಅದೇ ನರ್ಸ್ ಕೆಲಸದ ಬುಡ. ಬಟ್ಟೆ ಹಿಂಡಿ, ನೀರು ಬೆಚ್ಚಗಿದೆಯಾ ಅಂತ ಕೇಳಿ, ಅವರು ಹೂಂ ಅಂದ ಮೇಲೆ ಮುಖ ಒರೆಸಿದೆ. ಆಮೇಲೆ ಬೆನ್ನಿಗೆ ದಿಂಬು ಕೊಟ್ಟು ಚರ್ಮ ಕೆಂಪಾಗಿದೆಯಾ ಅಂತ ನೋಡಿದೆ. ಅಷ್ಟೂ ಹೊತ್ತು ಪರೀಕ್ಷಕರು ನನ್ನ ಕೈಯನ್ನಷ್ಟೇ ಅಲ್ಲ, ಮಾತನ್ನೂ ಗಮನಿಸುತ್ತಿದ್ದರು.

ಅದಕ್ಕೇ ಭಾಷೆ ಬಿಡಬೇಡಿ. ಹೆಂಡತಿಯಾಗಿ ವೀಸಾ ಪಡೆಯಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ಸಾಕು, ಗಂಡನಿಗೆ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇದ್ದರೆ ಅದೂ ಬೇಡ. ಆದರೆ ಮಾನ್ಯತೆಗೆ ನಾಲ್ಕನೇ ಹಂತವಾದ ಬಿ2 ಬೇಕು. ನೀವು ಈಗಲೇ ಕ್ಲಾಸಿಗೆ ಸೇರಿಕೊಳ್ಳಿ. ಕಾಲೇಜಿಗೂ ಈ ವಾರವೇ ಹೋಗಿ ಬನ್ನಿ. ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ ಬರೆಸಿ, ಪ್ರತಿ ಪುಟಕ್ಕೂ ಸೀಲು, ಸಹಿ ಹಾಕಿಸಿ, ಎರಡು ಪ್ರತಿ ಇಟ್ಟುಕೊಳ್ಳಿ. ಪಟ್ಟಿ ಸಿಕ್ಕಿದ ಮೇಲೆ ಏನಾದರೂ ಅನುಮಾನ ಬಂದರೆ ಇಲ್ಲೇ ಕೇಳಿ, ಹೇಳುತ್ತೇನೆ.