ಪೂಲ್‌ನಲ್ಲಿ ವಿಚಿತ್ರವಾಗಿ ಪ್ರಾಕ್ಟೀಸ್ ಮಾಡುವವರನ್ನು ನೋಡಿ ಕಲಿಯಬೇಕಾ, ಇಲ್ಲ ಜನ ಇಲ್ಲದ ಹೊತ್ತು ಹುಡುಕಿಕೊಳ್ಳಬೇಕಾ?

ಮುಷ್ಟಿ ಬಿಗಿದು ಈಜುವವರು, ಆಳದಲ್ಲಿ ನಿಂತಲ್ಲೇ ಓಡುವವರು, ಹಣೆ ಮೇಲೆ ಲೋಟ ಇಟ್ಟುಕೊಂಡು ಅಂಗಾತ ಈಜುವವರು, ನೀರಿನ ತಳದಲ್ಲಿ ಉಸಿರು ಕಟ್ಟಿ ಹೋಗುವ ಹುಡುಗ. ನಿಮ್ಮ ಪೂಲ್‌ನಲ್ಲಿ ಕಂಡ ವಿಚಿತ್ರ ಜನ ಅಂತ ನೀವು ಬರೆದು ಕಳಿಸಿದ ಈ ಪಟ್ಟಿ ಓದಿ ನಗು ಬಂತು. ಕೊನೆಯವನ ಹತ್ತಿರ ಬಂದಾಗ ನಗು ನಿಂತಿತು, ಅವನ ವಿಷಯ ಆಮೇಲೆ ಹೇಳುತ್ತೇನೆ. ಉಳಿದವರೆಲ್ಲ ನಾನು ಹೋಗುವ ಪೂಲ್‌ನಲ್ಲೂ ಇದ್ದಾರೆ. ಜೊತೆಗೆ ಇನ್ನೊಬ್ಬರಿದ್ದರು. ಅವರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಪ್ಯಾಡಲ್ ಅಂಕಲ್.

ನೋಡಿ ಕಲಿಯಬೇಕಾ ಅಂತ ಕೇಳಿದ್ದೀರಿ. ನಾನು ನೋಡಿಯೇ ಕಲಿತೆ. ಬಲಭುಜ ಹೋಯಿತು.

ಅಂಕಲ್‌ಗೆ ಅರವತ್ತು ದಾಟಿತ್ತು. ಸಣಕಲು ಮೈ. ಎರಡೂ ಕೈಗೆ ಹಳದಿ ಪ್ಲಾಸ್ಟಿಕ್ ಪ್ಯಾಡಲ್, ಅಂದರೆ ಅಂಗೈಗೆ ಹಾಕುವ ಚಪ್ಪಟೆ ಹಲಗೆ, ಹಾಕಿಕೊಂಡು ಈಜುತ್ತಿದ್ದರು. ಅಂಗೈಗಿಂತ ಎರಡು ಬೆರಳು ಅಗಲ, ಅಂಚೆಲ್ಲ ಸವೆದು ಬಿಳಿಚಿಕೊಂಡಿತ್ತು. ನಡುಬೆರಳಿಗೆ ಒಂದು ರಬ್ಬರ್ ಕೊಳವೆ, ಅಷ್ಟೇ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇರಬೇಕಾದ ಜಾಗದಲ್ಲಿ ಎರಡು ತೂತು ಮಾತ್ರ, ಒಂದರಲ್ಲಿ ತುಂಡಾದ ರಬ್ಬರಿನ ಚೂರು ಸಿಕ್ಕಿಕೊಂಡಿತ್ತು. ಪಾಪ, ಹಳೇ ಸಾಮಾನು, ಹರಿದು ಹೋಗಿದೆ ಅಂದುಕೊಂಡೆ. ಈ ಚೂರು ರಬ್ಬರನ್ನು ನೆನಪಿಟ್ಟುಕೊಳ್ಳಿ.

ಅವರ ಈಜು ಮಾತ್ರ ನೋಡುವ ಹಾಗಿತ್ತು. 25 ಮೀಟರ್ ಮುಟ್ಟಲು ನಾನು 24 ಸಲ ಕೈ ಬೀಸುತ್ತಿದ್ದರೆ ಅವರಿಗೆ 15 ಸಾಕಾಗುತ್ತಿತ್ತು. ಅವಸರವಿಲ್ಲ, ಸದ್ದಿಲ್ಲ, ನೀರು ಚೆಲ್ಲಾಡುವುದೂ ಇಲ್ಲ. ಗುಟ್ಟೆಲ್ಲ ಆ ಹಳದಿ ಪ್ಲಾಸ್ಟಿಕ್‌ನಲ್ಲಿದೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಅವರಿಗಿಂತ ಒಂದು ಸೈಜ್ ದೊಡ್ಡದನ್ನೇ ತಂದೆ. ಬೆರಳಿನ ಪಟ್ಟಿ, ಮಣಿಕಟ್ಟಿನ ಪಟ್ಟಿ ಎರಡನ್ನೂ ಬಿಗಿಯಾಗಿ ಕಟ್ಟಿದೆ. ಕಾಲು ಮುಳುಗದಿರಲಿ ಅಂತ ತೊಡೆ ನಡುವೆ ಪುಲ್ ಬಾಯ್ ಅನ್ನುವ ತೇಲುವ ಫೋಮ್ ತುಂಡು ಸಿಕ್ಕಿಸಿಕೊಂಡೆ. ಪೂರ್ತಿ ಹೊತ್ತು ಅದರಲ್ಲೇ ಈಜಿದೆ.

ವೇಗ ಬಂತು ಸ್ವಾಮಿ, ಸುಳ್ಳು ಹೇಳಲ್ಲ. ಮೊದಲ ವಾರ ನೆಲದ ಮೇಲೆ ನಡೆಯುತ್ತಲೇ ಇರಲಿಲ್ಲ ನಾನು.

ಈಗ ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ. ಇದು ನನಗೆ ಯಾರೂ ಹೇಳದ ಭಾಗ.

ಪ್ಯಾಡಲ್ ಮಾಡುವ ಕೆಲಸ ಇಷ್ಟೇ. ಅಂಗೈ ದೊಡ್ಡದು ಮಾಡುತ್ತದೆ. ಅಂಗೈ ದೊಡ್ಡದಾದರೆ ಅದೇ ವೇಗದಲ್ಲಿ ಎಳೆಯಲು ಜಾಸ್ತಿ ಬಲ ಬೇಕು. ಆ ಬಲ ಪ್ಲಾಸ್ಟಿಕ್‌ನಿಂದ ಬರುವುದಿಲ್ಲ, ಭುಜದಿಂದ ಬರಬೇಕು. ಕೈ ಸರಿಯಾಗಿ ನೀರಿಗೆ ಹೋಗುತ್ತಿದ್ದರೆ ಆ ಭಾರವನ್ನು ಬೆನ್ನಿನ ದೊಡ್ಡ ಸ್ನಾಯುಗಳು ಹೊರುತ್ತವೆ. ನನ್ನ ಕೈ ಸರಿಯಾಗಿ ಹೋಗುತ್ತಿರಲಿಲ್ಲ. ಹೆಬ್ಬೆರಳು ಮೊದಲು ಮುಳುಗುತ್ತಿತ್ತು, ಮೇಲಿಂದ ಕೈ ತಲೆಯ ಮುಂದೆ ಅಡ್ಡ ದಾಟಿ ಇನ್ನೊಂದು ಭುಜದ ಕಡೆ ಹೋಗುತ್ತಿತ್ತು. ಹಾಗೆ ಹೋದಾಗ ತೋಳು ಒಳಕ್ಕೆ ತಿರುಗಿಕೊಂಡಿರುತ್ತದೆ. ಭುಜದ ಮೇಲಿನ ಮೂಳೆಯ ಚಾಚು ಇದೆಯಲ್ಲ, ಅದರ ಕೆಳಗೆ ಹಾದುಹೋಗುವ ಸ್ನಾಯುರಜ್ಜು ಇಕ್ಕಟ್ಟಿಗೆ ಸಿಗುತ್ತದೆ. ಬರೀ ಕೈಯಲ್ಲಿ ಇದನ್ನೇ ಮಾಡಿದರೆ ಭುಜ ಹೇಗೋ ತಡೆದುಕೊಳ್ಳುತ್ತದೆ. ಪ್ಯಾಡಲ್ ಹಾಕಿದರೆ ಅದೇ ತಪ್ಪು, ಆದರೆ ಪ್ರತಿ ಸಲವೂ ಜಾಸ್ತಿ ಭಾರದಲ್ಲಿ.

ಎಷ್ಟು ಸಲ? 25 ಮೀಟರಿನ ಪೂಲ್‌ನಲ್ಲಿ ಒಂದು ಕಿಲೋಮೀಟರ್ ಅಂದರೆ 40 ಉದ್ದ. ಉದ್ದಕ್ಕೆ 20 ಸಲ ಕೈ ಬೀಸಿದರೆ 800. ಒಂದೊಂದು ಭುಜಕ್ಕೆ 400. ಪುಲ್ ಬಾಯ್ ಇಟ್ಟುಕೊಂಡು ಕಾಲಿಗೆ ರಜಾ ಬೇರೆ ಕೊಟ್ಟಿದ್ದೆ.

ಮಣಿಕಟ್ಟಿನ ಪಟ್ಟಿಯ ವಿಷಯ ಇನ್ನೂ ಮುಖ್ಯ. ಆ ಪಟ್ಟಿ ಇಲ್ಲದಿದ್ದರೆ, ಕೈ ವಾರೆಯಾಗಿ ನೀರಿಗೆ ಹೋದ ತಕ್ಷಣ ನೀರು ಪ್ಯಾಡಲ್‌ನ ಅಂಚಿನಡಿ ನುಗ್ಗಿ ಅದನ್ನು ಎತ್ತುತ್ತದೆ. ಪ್ಯಾಡಲ್ ತಿರುಗುತ್ತದೆ, ಕೆಲವು ಸಲ ಕಳಚಿಯೇ ಹೋಗುತ್ತದೆ. ಅಂದರೆ ತಪ್ಪು ಆದ ಕ್ಷಣದಲ್ಲೇ ಗೊತ್ತಾಗುತ್ತದೆ. ಎರಡೂ ಪಟ್ಟಿ ಬಿಗಿದರೆ ಪ್ಯಾಡಲ್ ಅಲ್ಲಾಡುವುದೇ ಇಲ್ಲ. ನೀವು ಹೇಗೆ ಬೇಕಾದರೂ ಎಳೆಯಿರಿ, ಅದು ಸುಮ್ನೆ ಕೂತಿರುತ್ತದೆ. ಅದು ಅಲ್ಲಾಡದ್ದಕ್ಕೆ ಪೂರ್ತಿ ಭಾರ ಭುಜಕ್ಕೆ ಬೀಳುತ್ತದೆ. ನಾನು ದುಡ್ಡು ಕೊಟ್ಟು ತಂದ ಸಾಮಾನಿನಲ್ಲಿ ಎಚ್ಚರಿಕೆ ಕೊಡುವ ಒಂದೇ ವ್ಯವಸ್ಥೆ ಇತ್ತು, ಅದನ್ನು ಕೈಯಾರೆ ಕಟ್ಟಿಹಾಕಿದೆ.

ನೋವು ಮೊದಲು ಪೂಲ್‌ನಲ್ಲಿ ಬರಲೇ ಇಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಿದಾಗ ಬಂತು. ಆಮೇಲೆ ಅಂಗಿ ಹಾಕುವಾಗ. ಫಿಸಿಯೋಥೆರಪಿಸ್ಟ್ ಕೈಯನ್ನು ಪಕ್ಕದಿಂದ ಮೇಲೆತ್ತಲು ಹೇಳಿದರು. ಶುರುವಿನಲ್ಲಿ ನೋವಿಲ್ಲ, ಪೂರ್ತಿ ಮೇಲೆ ಹೋದಾಗಲೂ ಇಲ್ಲ. ನಡುವೆ, ತೋಳು ಭುಜದ ಮಟ್ಟಕ್ಕೆ ಬಂದಾಗ ಪ್ರಾಣ ಹೋಗುತ್ತಿತ್ತು. ಅವರು ತಲೆಯಾಡಿಸಿ ಒಂದೇ ಪ್ರಶ್ನೆ ಕೇಳಿದರು: "ಪ್ಯಾಡಲ್ ಹಾಕ್ತೀರಾ?"

ತಿಂಗಳುಗಟ್ಟಲೆ ಫ್ರೀಸ್ಟೈಲ್ ಬಂದ್. ಕಿಕ್ ಬೋರ್ಡ್ ಅನ್ನುವ ತೇಲುವ ಹಲಗೆ ಹಿಡಿದು ಬರೀ ಕಾಲು ಬಡಿಯೋಣ ಅಂದರೆ ಅದೂ ಬೇಡ ಅಂದರು. ಕೈ ಮುಂದಕ್ಕೆ ಚಾಚಿ ಬೋರ್ಡ್ ಒತ್ತಿ ಹಿಡಿದರೆ ಭುಜಕ್ಕೆ ಅದೇ ಇಕ್ಕಟ್ಟು. ಅಂಗಾತ ಮಲಗಿ, ಕೈ ಎರಡೂ ತೊಡೆಗೆ ಅಂಟಿಸಿಕೊಂಡು ಕಾಲು ಬಡಿದೆ. ಸೊಂಟಕ್ಕೆ ತೇಲಿಸುವ ಬೆಲ್ಟ್ ಕಟ್ಟಿ ಆಳದ ತುದಿಯಲ್ಲಿ ನಿಂತಲ್ಲೇ ಓಡಿದೆ. ಹೊಸಬರು ನನ್ನನ್ನು ನೋಡಿ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು. ನಿಮ್ಮ ಪ್ರಶ್ನೆಯಲ್ಲಿ "ನಿಂತಲ್ಲೇ ಓಡುವ ತಿಕ್ಕಲು" ಅಂತ ಬರೆದಿದ್ದೀರಲ್ಲ, ಅದಕ್ಕೇ ಸ್ವಲ್ಪ ಚುಚ್ಚಿತು.

ಆಗ ಹೋಗಿ ಪ್ಯಾಡಲ್ ಅಂಕಲ್‌ನ ಕೇಳಿದೆ. ಪಟ್ಟಿ ಹರಿದು ಹೋಗಿದೆಯಲ್ಲ, ಹೊಸದು ಯಾಕೆ ತಗೊಂಡಿಲ್ಲ ಅಂತ.

"ಹರಿದಿಲ್ಲ ಕಣಪ್ಪ, ನಾನೇ ಕತ್ತರಿಸಿದ್ದು. ಕೈ ತಪ್ಪಾಗಿ ಹೋದ್ರೆ ಕಳಚಿ ಬೀಳ್ಲಿ ಅಂತ."

ಇನ್ನೊಂದು ವಿಷಯವೂ ಆಗಲೇ ಗೊತ್ತಾಗಿದ್ದು. ಅವರು ನನಗಿಂತ ಎಷ್ಟೋ ಮೊದಲೇ ಬಂದು ಬರೀ ಕೈಯಲ್ಲಿ ನಿಧಾನವಾಗಿ ಈಜಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಮುಷ್ಟಿ ಬಿಗಿದು. ನಡುವೆ ನಾಲ್ಕಾರು ಉದ್ದ ಮಾತ್ರ ಪ್ಯಾಡಲ್. ತಡವಾಗಿ ಬರುತ್ತಿದ್ದ ನನ್ನ ಕಣ್ಣಿಗೆ ಬಿದ್ದಿದ್ದು ಆ ನಾಲ್ಕಾರು ಉದ್ದ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ನೋಡಿ ಕಲಿಯುವುದೂ ಬೇಡ, ಓಡಿಹೋಗುವುದೂ ಬೇಡ. ಬಾಯಿಬಿಟ್ಟು ಕೇಳಿ. ನಿಮ್ಮ ಪಟ್ಟಿಯಲ್ಲಿರುವ ಹೆಚ್ಚಿನವರು ವಿಚಿತ್ರ ಜನವೇ ಅಲ್ಲ. ಮುಷ್ಟಿ ಬಿಗಿಯುವುದು ಹಳೇ ಡ್ರಿಲ್. ಅಂಗೈ ಕೆಲಸ ಮಾಡದಿದ್ದಾಗ ಮೊಣಕೈಯಿಂದ ಕೆಳಗಿನ ತೋಳಲ್ಲಿ ನೀರನ್ನು ಹಿಡಿಯುವುದು ಕಲಿಯಲೇಬೇಕಾಗುತ್ತದೆ. ಎರಡು ಉದ್ದ ಹಾಗೆ ಹೋಗಿ ಮುಷ್ಟಿ ಬಿಚ್ಚಿ ನೋಡಿ, ಅಂಗೈ ಮೊರದಷ್ಟು ಆಗಿದೆ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಪ್ಯಾಡಲ್‌ಗಿಂತ ಇದೇ ವಾಸಿ, ಖರ್ಚೂ ಇಲ್ಲ. ನಿಂತಲ್ಲೇ ಓಡುವವರು ಬಹುಶಃ ಕಾಲಿಗೆ ಪೆಟ್ಟಾದ ಓಟಗಾರರು. ಸೊಂಟದ ಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಹೆಚ್ಚುಕಡಿಮೆ ಅರ್ಧ ತೂಕ, ಕತ್ತಿನ ಮಟ್ಟದಲ್ಲಿ ಸುಮಾರು ಹತ್ತನೇ ಒಂದು ಭಾಗ. ಆಳದಲ್ಲಿ ಬೆಲ್ಟ್ ಕಟ್ಟಿಕೊಂಡರೆ ಪಾದ ನೆಲಕ್ಕೆ ತಾಗುವುದೇ ಇಲ್ಲ. ಎದೆ ಮಾತ್ರ ಚೆನ್ನಾಗಿಯೇ ಬಡಿದುಕೊಳ್ಳುತ್ತದೆ, ಬೇಕಿದ್ದರೆ ಮಾಡಿ ನೋಡಿ.

ಲೋಟದವರು? 2020ರಲ್ಲಿ ಅಮೆರಿಕದ ಒಲಿಂಪಿಕ್ ಈಜುಗಾರ್ತಿ ಕೇಟಿ ಲೆಡೆಕಿ ತಲೆ ಮೇಲೆ ಚಾಕೊಲೇಟ್ ಹಾಲಿನ ಗ್ಲಾಸ್ ಇಟ್ಟುಕೊಂಡು 50 ಮೀಟರ್ ಪೂಲ್‌ನ ಈ ತುದಿಯಿಂದ ಆ ತುದಿಗೆ ಈಜಿದ್ದರು. ಆ ವಿಡಿಯೋ ಊರೆಲ್ಲ ಸುತ್ತಿತು. ಮೋಜಿಗೆ ಮಾಡಿದ್ದೇ ಇರಬಹುದು. ಆದರೆ ತಲೆ ಅಲ್ಲಾಡದೆ ಮೈ ಮಾತ್ರ ಹೊರಳಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವಿಲ್ಲ. ಅಂಗಾತ ಈಜುವಾಗ ಹಣೆ ಮೇಲಿನ ಲೋಟ ಬಿದ್ದರೆ ನಿಮ್ಮ ತಲೆ ಅಲ್ಲಾಡಿತು ಅಂತ ಅರ್ಥ, ಬೇರೆ ಕೋಚ್ ಬೇಕಾಗಿಲ್ಲ.

ಕಣ್ಣು ಮುಚ್ಚಿ ಕೈ ಎಣಿಸುತ್ತಾ ಈಜುವವರೊಬ್ಬರು ನಮ್ಮಲ್ಲಿದ್ದಾರೆ. ಲೇನ್‌ನ ಹಗ್ಗಕ್ಕೆ ಹೋಗಿ ಗುದ್ದುತ್ತಿರುತ್ತಾರೆ, ನೋಡುವವರಿಗೆ ಒಳ್ಳೇ ತಮಾಷೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಗಾಗಲ್ಸ್ ಒಳಗೆ ನೀರು ತುಂಬಿಕೊಂಡಿತು. ಗೋಡೆ ಕಾಣಿಸುತ್ತಿರಲಿಲ್ಲ. ಕೈ ಎಣಿಸಿಕೊಂಡೇ ಮುಗಿಸಿ 1:52.03ರಲ್ಲಿ ವಿಶ್ವದಾಖಲೆಯ ಜೊತೆ ಚಿನ್ನ ಗೆದ್ದರು. ಅದಕ್ಕೂ ಮುಂಚೆ ಅವರ ಕೋಚ್ ಬಾಬ್ ಬೌಮನ್ ಒಮ್ಮೆ ಬೇಕಂತಲೇ ಅವರ ಗಾಗಲ್ಸ್ ತುಳಿದು ಹಾಳು ಮಾಡಿದ್ದರಂತೆ, ಅದಿಲ್ಲದೆ ಈಜುವುದು ರೂಢಿಯಾಗಲಿ ಅಂತ. ನಿಮ್ಮ ಪೂಲ್‌ನಲ್ಲಿ ಒಬ್ಬರು ಇನ್ನೊಬ್ಬರ ಗಾಗಲ್ಸ್ ತುಳಿಯುವುದನ್ನು ಕಂಡಿದ್ದರೆ ಅವರನ್ನೂ ಪಟ್ಟಿಗೆ ಸೇರಿಸಿರುತ್ತಿದ್ದಿರಿ, ಅಲ್ವಾ?

ನನ್ನನ್ನು ಕೇಳಿದರೆ ಪೂಲ್‌ನಲ್ಲಿ ನಿಜವಾಗಿ ಸಹಿಸಲಾಗದವರು ಬೇರೆ. ಗೋಡೆ ಹಿಡಿದು ಅರ್ಧ ಗಂಟೆ ನಿಂತು, ತಾವು ಎರಡು ಉದ್ದ ಹೋಗಿ, ಬಂದವರಿಗೆಲ್ಲ "ಮೊಣಕೈ ಮಡಚಿ" ಅಂತ ಪಾಠ ಹೇಳುವವರು. ಅಮೆರಿಕದ ಈಜುಗಾರ್ತಿ ಜಾನೆಟ್ ಇವಾನ್ಸ್ ಮೊಣಕೈ ಮಡಚದೆ ಗಾಳಿಗಿರಣಿಯ ಥರ ಕೈ ಬೀಸುತ್ತಲೇ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು. ಅಲ್ಲಿ ಅವರು 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಮಾಡಿದ 4:03.85ರ ದಾಖಲೆ 2006ರವರೆಗೆ ಉಳಿಯಿತು. ಹಾಗಂತ ನೀವೂ ನೆಟ್ಟಗೆ ಬೀಸಬೇಡಿ, ಅದು ಅವರ ಮೈಗೆ ಒಗ್ಗಿದ ರೀತಿ. ಗೋಡೆ ಪಂಡಿತರ ಮಾತಿಗೆ ತಲೆಯಾಡಿಸಿ ಮುಂದೆ ಹೋಗಿ ಅಷ್ಟೇ.

ಈಗ ಉಸಿರು ಕಟ್ಟುವ ಹುಡುಗ. ದಡದಲ್ಲಿ ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಟ್ಟು, ಆಮೇಲೆ ಮುಳುಗಿ ತಳದಲ್ಲೇ ಆ ತುದಿಗೆ ಹೋಗುತ್ತಾನೆ ಅಂತ ಬರೆದಿದ್ದೀರಿ. ನಿಮಗೆ ಎಲ್ಲರಿಗಿಂತ ಅವನೇ ಮೆಚ್ಚುಗೆ. ನನಗೆ ಅವನೊಬ್ಬನದೇ ಭಯ. ಉಸಿರಾಡಬೇಕು ಅನ್ನುವ ತಳಮಳ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಜೋರಾಗಿ ಉಸಿರಾಡಿ ಅದನ್ನು ಮೊದಲೇ ಹೊರಹಾಕಿಬಿಟ್ಟರೆ ತಳಮಳ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದಿರುತ್ತದೆ. ಉಸಿರುಗಟ್ಟಿದ ಹಾಗೆ ಅನ್ನಿಸುವುದೇ ಇಲ್ಲ, ಪ್ರಜ್ಞೆ ನೇರವಾಗಿ ಹೋಗುತ್ತದೆ. ಕೂಗು ಇಲ್ಲ, ಒದ್ದಾಟ ಇಲ್ಲ. ಮೇಲಿಂದ ನೋಡಿದವರಿಗೆ ಚೆನ್ನಾಗಿ ಪ್ರಾಕ್ಟೀಸ್ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಆಳ ಕಡಿಮೆ ಇದ್ದರೂ ಇದು ಆಗುತ್ತದೆ, ಒಳ್ಳೇ ಈಜುಗಾರರಿಗೂ ಆಗುತ್ತದೆ.

ಒಲಿಂಪಿಕ್ಸ್‌ನವರು ಮಾಡ್ತಾರಲ್ಲ ಅಂತ ಅವನು ವಾದಿಸಬಹುದು. ಮಾಡುತ್ತಿದ್ದರು. 1956ರಲ್ಲಿ ಜಪಾನಿನ ಮಸಾರು ಫುರುಕಾವಾ ಬಹುಪಾಲು ನೀರೊಳಗೇ ಈಜಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದರು, ಅದಾದ ಮೇಲೆ ನಿಯಮವೇ ಬದಲಾಯಿತು. ಈಗ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರರಲ್ಲೂ ಶುರುವಿನಲ್ಲಿ ಮತ್ತು ಪ್ರತಿ ತಿರುವಿನಲ್ಲಿ 15 ಮೀಟರ್ ಒಳಗೆ ತಲೆ ಮೇಲೆ ಬರಲೇಬೇಕು. ಪೂರ್ತಿ ಉದ್ದ ಒಳಗೇ ಹೋಗುವ ಸಾಮರ್ಥ್ಯಕ್ಕೆ ಈ ಸ್ಪರ್ಧೆಗಳಲ್ಲಿ ಬೆಲೆಯೇ ಇಲ್ಲ. ಇವನ ವಿಷಯದಲ್ಲಿ ಮಾತ್ರ ಸುಮ್ಮನಿರಬೇಡಿ. ಲೈಫ್‌ಗಾರ್ಡ್‌ಗೆ ಹೇಳಿ. ಚಾಡಿ ಹೇಳಿದ ಹಾಗಾಗುತ್ತೆ ಅನ್ನುವ ಸಂಕೋಚ ಬೇಡ.

ಜನ ಇಲ್ಲದ ಹೊತ್ತು ಹುಡುಕುವ ಯೋಚನೆಗೂ ಇದೇ ಕಾರಣಕ್ಕೆ ನನ್ನ ಒಪ್ಪಿಗೆ ಇಲ್ಲ. ಖಾಲಿ ಪೂಲ್ ನೋಡಲು ಚಂದ. ಮೀನಖಂಡ ಹಿಡಿದುಕೊಂಡಾಗ ನೋಡುವವರು ಒಬ್ಬರಾದರೂ ಇರಲಿ. ಗಲಾಟೆಯೇ ತೊಂದರೆ ಅಂತಾದರೆ ನಿಮ್ಮ ವೇಗದ ಲೇನ್‌ಗೆ ಹೋಗಿ, ಒಂದೇ ಕಡೆಯಿಂದ ಸುತ್ತು ಹಾಕಿ, ನಿಲ್ಲಬೇಕಾದಾಗ ಗೋಡೆಯ ಮೂಲೆಗೆ ಸರಿದು ನಿಲ್ಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಪ್ಯಾಡಲ್ ಬೇಕೇ ಬೇಕು ಅಂದರೆ ಅಂಗೈಗಿಂತ ಸ್ವಲ್ಪವೇ ದೊಡ್ಡದು ತಗೊಳ್ಳಿ, ಮನೆಗೆ ತಂದ ದಿನವೇ ಮಣಿಕಟ್ಟಿನ ಪಟ್ಟಿ ಕಿತ್ತುಹಾಕಿ, ಮೈ ಬಿಸಿಯಾದ ಮೇಲೆ ನಾಲ್ಕು ಉದ್ದ ಹೋಗಿ ಬಿಚ್ಚಿಡಿ. ಭುಜದ ಮುಂಭಾಗ ಚುಳ್ ಅಂದರೆ ಆ ದಿನಕ್ಕೆ ಸಾಕು.

ಕೇಳುವುದನ್ನು ಮುಷ್ಟಿಯವರಿಂದಲೇ ಶುರು ಮಾಡಿ. ಅಂಥವರಿಗೆ ಹೇಳಲು ತುಂಬಾ ಇರುತ್ತದೆ, ಕೇಳುವವರೇ ಇರುವುದಿಲ್ಲ. ಆದರೆ ಅವರು ಗೋಡೆ ಹಿಡಿದು ಗಡಿಯಾರದ ಮುಳ್ಳು ನೋಡುತ್ತಿರುವಾಗ ಹೋಗಬೇಡಿ, ಸೆಟ್ ಇನ್ನೂ ಮುಗಿದಿರುವುದಿಲ್ಲ. ಗಾಗಲ್ಸ್ ತೆಗೆದು ಕ್ಯಾಪ್ ಕಳಚಿದ ಮೇಲೆ ಹೋಗಿ.