ಬೆಟ್ಟದ ಮೇಲೆ ಬೆಳೆಯೋ ಇಟಲಿಯ ಆರ್ಗ್ಯಾನಿಕ್ ರೆಡ್ ವೈನಲ್ಲಿ ಅಂಥದ್ದೇನಿದೆ? ಕೆಮಿಕಲ್ ಒಂದೂ ಇರಲ್ವಾ?

ಕೆಮಿಕಲ್ ಒಂದೂ ಇರಲ್ಲ ಅನ್ನೋದು ತಪ್ಪು, ಅದನ್ನ ಆಮೇಲೆ ಹೇಳ್ತೀನಿ. ಮೊದಲು ಬೆಟ್ಟದ ವಿಷ್ಯ. ಇಟಲಿಯ ಸಿಸಿಲಿ ದ್ವೀಪದ ಎಟ್ನಾನೇ ತಗೊಳ್ಳಿ, ಈಗ್ಲೂ ಹೊಗೆ ಉಗುಳೋ ಜ್ವಾಲಾಮುಖಿ, ಅದರ ಉತ್ತರದ ಇಳಿಜಾರಲ್ಲಿ ಸುಮಾರು 600ರಿಂದ 1000 ಮೀಟರ್ ಎತ್ತರದಲ್ಲಿ ಕಪ್ಪು ಲಾವಾ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ನೆರೆಲ್ಲೊ ಮಸ್ಕಲೇಸೆ ಅನ್ನೋ ದ್ರಾಕ್ಷಿ ಹಾಕಿರ್ತಾರೆ, ಹಳೇ ತೋಟಗಳಲ್ಲಿ ಚಪ್ಪರ ಗಿಪ್ಪರ ಏನಿಲ್ಲ, ಒಂದೊಂದು ಬಳ್ಳಿಗೂ ಒಂದೊಂದು ಚೆಸ್ಟ್‌ನಟ್ ಮರದ ಗೂಟ ಅಷ್ಟೆ. ಹಗಲೆಲ್ಲ ಸಿಸಿಲಿಯ ಬಿಸಿಲು, ರಾತ್ರಿ ಚಳಿ, ಅದಕ್ಕೇ ಹಣ್ಣು ನಿಧಾನಕ್ಕೆ ಮಾಗುತ್ತೆ, ಹುಳಿ ಉಳ್ಕೊಳ್ಳುತ್ತೆ, ಕೊಯ್ಲು ಅಕ್ಟೋಬರ್‌ವರೆಗೂ ಹೋಗುತ್ತೆ. ಎಟ್ನಾ ರೊಸ್ಸೊ (ಅಂದ್ರೆ ಎಟ್ನಾದ ರೆಡ್ ವೈನ್) ಅಂತ ಲೇಬಲ್ ಹಾಕ್ಬೇಕಂದ್ರೆ ಕನಿಷ್ಠ 80% ಈ ದ್ರಾಕ್ಷಿನೇ ಇರ್ಬೇಕು. ಬಣ್ಣ ನೋಡಿ ಮೋಸ ಹೋಗ್ಬೇಡಿ, ಗ್ಲಾಸಿನ ಆಚೆ ಹಿಡಿದ ಬೆರಳು ಕಾಣೋಷ್ಟು ತೆಳು, ಬಾಯಿಗೆ ಹಾಕಿದ್ರೆ ಮಾತ್ರ ಹಾಲಿಲ್ಲದ ಕಡಕ್ ಟೀ ಥರ ಒಗರು.

ಇನ್ನು ಆರ್ಗ್ಯಾನಿಕ್. ರಾಸಾಯನಿಕ ಗೊಬ್ಬರ, ಕಳೆನಾಶಕ ಹಾಕೋ ಹಾಗಿಲ್ಲ, ಆದ್ರೆ ಬೂಜು ರೋಗಕ್ಕೆ ಗಂಧಕ, ತಾಮ್ರ ಹೊಡೀಬಹುದು (ನಮ್ಮಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣನೂ ತಾಮ್ರದ್ದೇ, ಅದು ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ). ಯುರೋಪಲ್ಲಿ ತಾಮ್ರಕ್ಕೆ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ಮಿತಿ ಇದೆ. ವೈನ್ ಕೆಡದೇ ಇರೋಕೆ ಸಲ್ಫೈಟ್ ಅನ್ನೋ ಗಂಧಕದ ಸಂಯುಕ್ತನೂ ಹಾಕ್ಬಹುದು, ಮಾಮೂಲಿ ಡ್ರೈ (ಸಿಹಿ ಇಲ್ಲದ) ರೆಡ್‌ಗೆ ಲೀಟರಿಗೆ ಹೆಚ್ಚೆಂದ್ರೆ 150 ಮಿಲಿಗ್ರಾಂ, ಆರ್ಗ್ಯಾನಿಕ್‌ಗೆ 100. ಬಾಟಲಿ ಹಿಂದೆ ಹಸಿರು ಆಯತದಲ್ಲಿ ನಕ್ಷತ್ರಗಳಿಂದ ಮಾಡಿದ ಎಲೆ ಇದ್ಯಾ ನೋಡಿ, ಅದೇ ಗುರುತು.