ಮಿಸಿಸಿಪಿ ಜಾನ್ ಹರ್ಟ್ 35 ವರ್ಷ ಎಲ್ಲಿದ್ದರು?

ಪ್ರಶ್ನೆ: 1928ರಲ್ಲಿ ಹಾಡು ರೆಕಾರ್ಡ್ ಮಾಡಿದ ಮಿಸಿಸಿಪಿ ಜಾನ್ ಹರ್ಟ್ 1963ರವರೆಗೆ ಎಲ್ಲಿ ಮಾಯವಾಗಿದ್ದರು? ಇಷ್ಟು ವರ್ಷ ಸುಮ್ಮನಿದ್ದವರನ್ನು ವೃತ್ತಿಪರ ಗಿಟಾರ್ ವಾದಕ ಅನ್ನಬಹುದಾ?

ಎಲ್ಲಿಗೂ ಹೋಗಿರಲಿಲ್ಲ ಸ್ವಾಮಿ, ಊರಲ್ಲೇ ಇದ್ದರು.

ಊರ ಹೆಸರು ಅವಲಾನ್, ಮಿಸಿಸಿಪಿ ರಾಜ್ಯದ ಒಂದು ಹಳ್ಳಿ. ಒಂಬತ್ತರ ಪ್ರಾಯದಲ್ಲಿ ಗಿಟಾರ್ ಹಿಡಿದ ಹರ್ಟ್‌ಗೆ ಗುರು ಅಂತ ಯಾರೂ ಇರಲಿಲ್ಲ. ಹೊಟ್ಟೆಪಾಡಿಗೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುವುದು, ಶನಿವಾರ ರಾತ್ರಿ ಯಾರ ಮನೆಯಲ್ಲಾದರೂ ಕುಣಿತ ಇದ್ದರೆ ಹೋಗಿ ನುಡಿಸುವುದು. ಜೊತೆಗೆ ಪಿಟೀಲು ನುಡಿಸುತ್ತಿದ್ದ ವಿಲ್ಲಿ ನಾರ್ಮರ್ ಎಂಬ ಬಿಳಿಯನೇ ಓಕೆ ರೆಕಾರ್ಡ್ ಕಂಪನಿಯವರಿಗೆ ಇವರ ಹೆಸರು ಹೇಳಿದ್ದು. 1928ರ ಫೆಬ್ರವರಿಯಲ್ಲಿ ಮೆಂಫಿಸ್‌ಗೆ, ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಕರೆಸಿಕೊಂಡರು. ಹೆಸರಿನ ಹಿಂದಿನ 'ಮಿಸಿಸಿಪಿ' ಕೂಡ ಕಂಪನಿಯವರು ವ್ಯಾಪಾರಕ್ಕೆಂದು ಅಂಟಿಸಿದ್ದೇ. ಗ್ರಾಮಫೋನ್ ಪ್ಲೇಟುಗಳು ಅಷ್ಟೇನೂ ಓಡಲಿಲ್ಲ. ಮರುವರ್ಷ ಅಮೆರಿಕದ ಆರ್ಥಿಕತೆ ಮುಗ್ಗರಿಸಿತು, ಕಂಪನಿ ಮತ್ತೆ ಕರೆಯಲಿಲ್ಲ. ಹರ್ಟ್ ಹೊಲಕ್ಕೆ ವಾಪಸ್.

ಇವತ್ತು ನಮಗೆ ಸಿಗುವ ಆ ಕಾಲದ ಹಾಡುಗಳು ಬರೀ 13. ಅದರಲ್ಲಿ ಎರಡನ್ನು ಹ್ಯಾರಿ ಸ್ಮಿತ್ ಎಂಬವರು 1952ರಲ್ಲಿ ತಮ್ಮ ಜಾನಪದ ಸಂಗೀತ ಸಂಕಲನಕ್ಕೆ ಸೇರಿಸಿದರು. ಕೇಳಿದ ನಗರದ ಹುಡುಗರಿಗೆ ಹುಚ್ಚು ಹಿಡಿಯಿತು. ಈ ಮನುಷ್ಯ ಯಾರು, ಬದುಕಿದ್ದಾನಾ?

ಇಲ್ಲಿ ನನಗೆ ನಗು ಬರುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗೆ. ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿದ 'ಅವಲಾನ್ ಬ್ಲೂಸ್' ಹಾಡಿನಲ್ಲಿ ಹರ್ಟ್ ತಮ್ಮ ಊರು ಅವಲಾನ್ ಅಂತ ಬಾಯಿಬಿಟ್ಟು ಹೇಳಿದ್ದರು! ಆದರೆ ಆಗಿನ ಸಾಮಾನ್ಯ ನಕ್ಷೆಗಳಲ್ಲಿ ಆ ಊರು ಇರಲಿಲ್ಲ. ಕೊನೆಗೆ ಹಳೆಯ ಅಟ್ಲಾಸ್ ಒಂದರಲ್ಲಿ ಸಿಕ್ಕಿತು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ ಕಾರು ಹತ್ತಿ ಅಲ್ಲಿಗೆ ಹೋಗಿ ಅಂಗಡಿಯ ಹತ್ತಿರ ವಿಚಾರಿಸಿದರೆ, ಇದೇ ರಸ್ತೆಯಲ್ಲಿ ಮುಂದೆ ಹೋಗಿ ಅಂದರಂತೆ. ಬಿಳಿಯ ಹುಡುಗ ಬಾಗಿಲು ತಟ್ಟಿದ್ದು ನೋಡಿ ಹರ್ಟ್ ಇವನ್ಯಾರೋ ಪೊಲೀಸ್ ಕಡೆಯವನು ಅಂದುಕೊಂಡರು ಅಂತಲೂ ಹೇಳುತ್ತಾರೆ. ಆ ಕಾಲದ ಮಿಸಿಸಿಪಿಯಲ್ಲಿ ಕಪ್ಪು ಜನರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಗ ಅವರ ಬಳಿ ಸ್ವಂತ ಗಿಟಾರೂ ಇರಲಿಲ್ಲ, ಹಾಸ್ಕಿನ್ಸ್ ತನ್ನದನ್ನೇ ಕೈಗೆ ಕೊಟ್ಟ.

ಅದೇ ವರ್ಷ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ನುಡಿಸಿದರು. ಆಮೇಲೆ ಕಾಲೇಜು, ಕಾಫಿಹೌಸ್, ಟೀವಿ, ಹೊಸ ಆಲ್ಬಂ. ವಯಸ್ಸು 70ರ ಆಸುಪಾಸು. 1966ರ ನವೆಂಬರ್ 2ರಂದು, ಮತ್ತೆ ಮಿಸಿಸಿಪಿಯಲ್ಲೇ, ತೀರಿಕೊಂಡರು.

ಅಂದರೆ 'ವೃತ್ತಿ' ಅನ್ನುವುದಾದರೆ ಒಂದು ವರ್ಷ ಮೊದಲು, ಮೂರು ವರ್ಷ ಕೊನೆಗೆ. ಆದರೆ 1928ರ ರೆಕಾರ್ಡನ್ನೂ 1963ರ ನಂತರದ್ದನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಹೆಬ್ಬೆರಳಿನ ನಡೆ ಅದೇ, ಅದೇ ಮೆದು ದನಿ. ನನಗಂತೂ ಮುದುಕರಾದ ಮೇಲಿನದೇ ಹೆಚ್ಚು ಇಷ್ಟ, ಮಾತಾಡಿದ ಹಾಗೆ ಹಾಡುತ್ತಾರೆ. ಸನ್ ಹೌಸ್ ಎಂಬ ಇನ್ನೊಬ್ಬ ಹಾಡುಗಾರರ ತರಹ ಎದೆ ಸೀಳುವ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ) ಬೇಕಾದವರಿಗೆ ಇದು ಸಪ್ಪೆ ಅನ್ನಿಸಬಹುದು.

ಆ ನಡೆ ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ನಾನೇ ಕಲಿಯಲು ಕೂತಾಗ. ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಅವರ 'ರೇನ್‌ಬೋ ಕ್ವೆಸ್ಟ್' ಎಂಬ ಟೀವಿ ಕಾರ್ಯಕ್ರಮದಲ್ಲಿ ಹರ್ಟ್ ನುಡಿಸಿದ ವಿಡಿಯೋ ಇದೆ, ಬಲಗೈ ನೋಡಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ಆಕಡೆ ಒಂದು ಈಕಡೆ, ತಾಳ ತಪ್ಪದೆ ಹೋಗುತ್ತಲೇ ಇರಬೇಕು. ಹಾಡಿನ ರಾಗ ತೋರುಬೆರಳು, ಮಧ್ಯದ ಬೆರಳಿನ ಪಾಲು, ಅದೂ ಎಷ್ಟೋ ಸಲ ಎರಡು ಬಡಿತಗಳ ನಡುವೆ ಬೀಳಬೇಕು. ನಾನು ಎಡಗೈಯಲ್ಲಿ ಸಿ ಕಾರ್ಡ್ (ಕೆಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಒಂದು ಸ್ವರಗುಚ್ಛ) ಹಿಡಿದು ಐದನೇ ತಂತಿ, ನಾಲ್ಕನೇ ತಂತಿ ಅಂತ ಒಂದು ತಿಂಗಳು ಬರೀ ಹೆಬ್ಬೆರಳನ್ನೇ ಆಡಿಸಿದೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಲೇ ಬೆರಳು ನಿಲ್ಲದಿದ್ದರೆ ಬಂತು ಅಂತ ಲೆಕ್ಕ. ನಮ್ಮ ಮನೆಯವಳು ಅಡುಗೆಮನೆಯಿಂದ "ಹಾಲು ತಂದ್ರಾ?" ಅಂದರೆ ಸಾಕು, ನನ್ನದು ಈಗಲೂ ನಿಂತುಹೋಗುತ್ತದೆ.